ಹಳೆಯ ಸರ್ವರ್ ಇಳಿಸುವ ಮೊದಲು

ಶಿವಮೊಗ್ಗದ ಒಂದು ಆಡಿಟರ್ ಕಚೇರಿಯಿಂದ ಶನಿವಾರ ಬೆಳಿಗ್ಗೆ ಫೋನ್ ಬಂತು. ರಾತ್ರಿಯ ಗುಡುಗು ಮಳೆಗೆ ಕರೆಂಟು ಹೋಗಿತ್ತು, ಯುಪಿಎಸ್ ಕೂಡ ಕೈಕೊಟ್ಟಿತ್ತು. ಬೆಳಿಗ್ಗೆ ಸರ್ವರ್ ಏನೋ ಆನ್ ಆಗಿದೆ, ಆದರೆ ಹನ್ನೆರಡು ಜನರಲ್ಲಿ ಒಬ್ಬರಿಗೂ ಲಾಗಿನ್ ಆಗುತ್ತಿಲ್ಲ. ಹೋಗಿ ನೋಡಿದರೆ ಸರ್ವರಿನ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸಿಆರ್ 2032 ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ದಿನಾಂಕ, ಸಮಯ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಆ ಸೆಲ್ ಸತ್ತಿತ್ತು. ಎಲ್ಲರ ಲಾಗಿನ್ ಅನ್ನೂ ಸರ್ವರೇ ನೋಡಿಕೊಳ್ಳುವ ವಿಂಡೋಸ್ ಡೊಮೈನ್‌ನಲ್ಲಿ ಸರ್ವರಿನ ಸಮಯಕ್ಕೂ ಸಿಸ್ಟಮ್‌ಗಳ ಸಮಯಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಲಾಗಿನ್ ಕೊಡುವುದಿಲ್ಲ. ಕದ್ದ ಲಾಗಿನ್ ಚೀಟಿಯನ್ನು ಮತ್ತೆ ಬಳಸದಂತೆ ಮಾಡಿಟ್ಟ ಏರ್ಪಾಡು ಅದು.

ಸೆಲ್ ಬದಲಿಸಿ ಸಮಯ ಸರಿಪಡಿಸಿದ ಮೇಲೆ ಅರ್ಧ ಗಂಟೆಯಲ್ಲಿ ಎಲ್ಲರೂ ಕೆಲಸಕ್ಕೆ ಕೂತರು. ಮುಚ್ಚಳ ಹೇಗೂ ತೆರೆದಿತ್ತು, ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಫ್ಯಾನಿನ ರೆಕ್ಕೆಗಳ ಅಂಚಿಗೆ ಧೂಳು ಬತ್ತಿಯ ಹಾಗೆ ಹೊಸೆದುಕೊಂಡಿತ್ತು. ಮುಂದಿನ ಜಾಲರಿಯ ತೂತುಗಳಲ್ಲಿ ವರ್ಷ ವರ್ಷದ ಆಯುಧಪೂಜೆಯ ಕುಂಕುಮ. ಪವರ್ ಸಪ್ಲೈ ಮಗ್ಗುಲಲ್ಲಿ ಒಡೆದ ಎರಡು ಹಲ್ಲಿ ಮೊಟ್ಟೆ. ನಾಲ್ಕು ಹಾರ್ಡ್‌ಡಿಸ್ಕ್‌ಗಳಲ್ಲಿ ಮೂರರ ದೀಪ ಹಸಿರು, ಒಂದರದ್ದು ಕಿತ್ತಳೆ.

"ಈ ದೀಪ ಯಾವಾಗಿಂದ ಹೀಗಿದೆ?"

"ಅದು ಮೊದಲಿಂದಲೂ ಹಂಗೇ ಇದೆ ಸಾರ್" ಅಂದರು ಹಿರಿಯ ಗುಮಾಸ್ತರು.

ಮೊದಲಿಂದ ಹಾಗಿರಲು ಸಾಧ್ಯವಿಲ್ಲ. ಒಂದು ಡಿಸ್ಕ್ ಯಾವತ್ತೋ ಸತ್ತಿದೆ, ಉಳಿದ ಮೂರು ಅದರ ಭಾರ ಹೊತ್ತು ನಡೆಸುತ್ತಿವೆ, ಇನ್ನೊಂದು ಹೋದ ದಿನ ಎಲ್ಲವೂ ಹೋಗುತ್ತದೆ ಎಂದು ಆ ದೀಪ ಹೇಳುತ್ತಿತ್ತು. 2013ರಲ್ಲಿ ಕೊಂಡ ಯಂತ್ರ. ಆಡಿಟರ್ ಕೇಳಿದರು: "ಇದನ್ನ ಇನ್ನೆಷ್ಟು ದಿನ ಓಡಿಸಬಹುದು?" ನಾನು ತಿರುಗಿ ಕೇಳಿದೆ: "ಇದರೊಳಗೆ ಏನೇನಿದೆ ಅಂತ ಇಲ್ಲಿ ಯಾರಿಗೆ ಗೊತ್ತು?" ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇದೆ ಅಂದರು ಒಬ್ಬರು. ಫೈಲ್‌ಗಳಿವೆ ಅಂದರು ಇನ್ನೊಬ್ಬರು. ಪೂರ್ತಿ ಉತ್ತರ ಯಾರ ಬಳಿಯೂ ಇರಲಿಲ್ಲ. ಸಣ್ಣ ಕಚೇರಿಗಳಲ್ಲಿ, ಅದು ಆಡಿಟರದ್ದಿರಲಿ, ವಕೀಲರದ್ದಿರಲಿ, ಅಡಿಕೆ ಮಂಡಿ, ಪತ್ತಿನ ಸಹಕಾರ ಸಂಘ, ನರ್ಸಿಂಗ್ ಹೋಂ ಯಾವುದೇ ಇರಲಿ, ಸರ್ವರ್ ಬದಲಾವಣೆ ಹಳಿ ತಪ್ಪುವುದು ಇಲ್ಲಿಯೇ. ಹೊಸ ಪೆಟ್ಟಿಗೆ ಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯದರಲ್ಲಿ ಏನು ವಾಸವಾಗಿದೆ ಎಂದು ತಿಳಿಯುವುದಕ್ಕೆ ದಿನಗಳು ಬೇಕು, ಆ ದಿನಗಳನ್ನು ಉಳಿಸಲು ಹೋದವರು ಆಮೇಲೆ ವಾರಗಟ್ಟಲೆ ಕಳೆದುಕೊಳ್ಳುತ್ತಾರೆ.

ಕಾಲ ಬಂದಿದೆಯೇ

ಸರ್ವರಿಗೆ ಎಷ್ಟು ಆಯಸ್ಸು ಎನ್ನುವುದಕ್ಕೆ ಆಡಿಟರ್‌ಗಳಿಗೇ ಗೊತ್ತಿರುವ ಒಂದು ಲೆಕ್ಕವಿದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸವಕಳಿ ಲೆಕ್ಕಕ್ಕೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೆ ಮೂರು ವರ್ಷ, ಸರ್ವರ್ ಮತ್ತು ನೆಟ್‌ವರ್ಕ್ ಉಪಕರಣಗಳಿಗೆ ಆರು ವರ್ಷದ ಬಾಳಿಕೆ ಇಟ್ಟಿದೆ. ನನ್ನ ಅನುಭವವೂ ಹೆಚ್ಚು ಕಡಿಮೆ ಅಷ್ಟೇ. ಐದನೇ ವರ್ಷಕ್ಕೆ ಹಣ ತೆಗೆದಿಡಲು ಶುರು ಮಾಡಿ, ಏಳನೇ ವರ್ಷದೊಳಗೆ ಬದಲಿಸಿ. ಅಲ್ಲಿಂದ ಮುಂದೆ ಓಡಿದ್ದೆಲ್ಲ ಅದೃಷ್ಟದ ಲೆಕ್ಕಕ್ಕೆ ಸೇರಿದ್ದು. ಹತ್ತು ವರ್ಷದ ಮಾಡೆಲ್‌ಗೆ ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ರೇಡ್ ಕಾರ್ಡ್ ಸುಟ್ಟರೆ ಅದೇ ಕಾರ್ಡ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆ ಅಲೆಯಬೇಕಾಗುತ್ತದೆ, ಅಲ್ಲೂ ಸಿಗುವ ಭರವಸೆಯಿಲ್ಲ.

ಯಂತ್ರ ಗಟ್ಟಿಯಾಗಿದ್ದರೂ ಅದರ ಮೇಲಿನ ವಿಂಡೋಸಿಗೆ ಆಯಸ್ಸು ಮುಗಿದಿರಬಹುದು. ವಿಂಡೋಸ್ ಸರ್ವರ್ 2012 ಮತ್ತು 2012 ಆರ್2ಗೆ ಮೈಕ್ರೋಸಾಫ್ಟ್ ಸಾಮಾನ್ಯ ಭದ್ರತಾ ಅಪ್‌ಡೇಟ್ ಕೊಡುವುದನ್ನು 2023ರ ಅಕ್ಟೋಬರ್ 10ಕ್ಕೆ ನಿಲ್ಲಿಸಿತು. 2016ರ ಆವೃತ್ತಿಗೆ 2027ರ ಜನವರಿ 12, 2019ಕ್ಕೆ 2029ರ ಜನವರಿ 9, 2022ಕ್ಕೆ 2031ರ ಅಕ್ಟೋಬರ್ 14 ಕೊನೆಯ ದಿನ. ಅಪ್‌ಡೇಟ್ ನಿಂತ ಸರ್ವರ್ ಚಿಲಕ ಕಿತ್ತ ಬಾಗಿಲಿದ್ದ ಹಾಗೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಹರಡಿದ್ದು ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ1ರ ಒಂದು ತೂತಿನಿಂದ, ಅದಕ್ಕೆ ತೇಪೆ ಬಂದು ಎರಡು ತಿಂಗಳಾಗಿದ್ದರೂ ಹಾಕಿಕೊಳ್ಳದಿದ್ದ ಯಂತ್ರಗಳೇ ಬಲಿಯಾದವು. ಆಡಿಟರ್ ಕಚೇರಿಯಲ್ಲಿ ನೂರಾರು ಜನರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಹಿ ಇರುತ್ತವೆ. ಅವು ಕಚೇರಿಯ ಆಸ್ತಿಯಲ್ಲ, ನಂಬಿ ಕೊಟ್ಟವರದ್ದು.

ಒಂದು ನೋಟ್‌ಬುಕ್, ಎರಡು ದಿನ

ಕೊಟೇಶನ್ ತರಿಸುವ ಮೊದಲು ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಳ್ಳುತ್ತೇನೆ. ಅದನ್ನು ಹಿಡಿದು ಎರಡು ದಿನ ಕಚೇರಿಯಲ್ಲಿ ಕೂತು, ಒಬ್ಬೊಬ್ಬರ ಪಕ್ಕದಲ್ಲೂ ಅರ್ಧ ಗಂಟೆ ಇದ್ದು, ಬೆಳಿಗ್ಗೆ ಬಂದ ಕೂಡಲೇ ಏನು ತೆರೆಯುತ್ತಾರೆ, ಎಲ್ಲಿ ಸೇವ್ ಮಾಡುತ್ತಾರೆ, ಯಾವ ಪ್ರಿಂಟರಿಗೆ ಕಳಿಸುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಸರ್ವರಿನ ಪರದೆ ನೋಡಿ ಪಟ್ಟಿ ಮಾಡಿದರೆ ಸಾಲದು. ಜನ ಹೇಗೆ ಬಳಸುತ್ತಾರೆ ಎನ್ನುವುದು ಪರದೆಯ ಮೇಲೆ ಕಾಣುವುದಿಲ್ಲ.

ಶಿವಮೊಗ್ಗದ ಆ ಕಚೇರಿಯಲ್ಲಿ ಸಿಕ್ಕಿದ್ದು ಇಷ್ಟು. ಟ್ಯಾಲಿ ಡೇಟಾ ಒಂದೇ ಕಡೆ ಇರಲಿಲ್ಲ. ಡಿ ಡ್ರೈವ್‌ನಲ್ಲಿ ಒಂದು, ಇ ಡ್ರೈವ್‌ನಲ್ಲಿ ಒಂದು, ಜೊತೆಗೆ ಸಿಎ ತರಬೇತಿಯಲ್ಲಿದ್ದ ಇಬ್ಬರು ಆರ್ಟಿಕಲ್ ಹುಡುಗರ ಸಿಸ್ಟಮ್‌ಗಳಲ್ಲಿ ತಲಾ ಒಂದು. ಟಿಡಿಎಸ್ ಸಾಫ್ಟ್‌ವೇರ್ ಸರ್ವರಿನಲ್ಲಿದ್ದು ಅದರ ಡೇಟಾಬೇಸ್ ಬೇರೆ ಫೋಲ್ಡರಿನಲ್ಲಿತ್ತು. ಬೆರಳಚ್ಚಿನ ಹಾಜರಾತಿ ಯಂತ್ರ ಸರ್ವರಿನ ಐಪಿ ವಿಳಾಸ ನೋಡಿ ನೇರವಾಗಿ ಅಲ್ಲಿಗೇ ಲೆಕ್ಕ ಕಳಿಸುತ್ತಿತ್ತು, ಅದನ್ನು ಜೋಡಿಸಿದವರು ಊರು ಬಿಟ್ಟಿದ್ದರು. ದೊಡ್ಡ ಜೆರಾಕ್ಸ್ ಯಂತ್ರ ಸ್ಕ್ಯಾನ್ ಮಾಡಿದ್ದನ್ನು ಸರ್ವರಿನ ಒಂದು ಫೋಲ್ಡರಿಗೆ ಹಾಕುತ್ತಿತ್ತು. ಕೆಲವು ಎಕ್ಸೆಲ್ ಹಾಳೆಗಳು ಝೆಡ್ ಡ್ರೈವ್‌ನ ಬೇರೆ ಹಾಳೆಗಳಿಂದ ಅಂಕಿ ಎಳೆದುಕೊಳ್ಳುತ್ತಿದ್ದವು. ಇವುಗಳ ಜೊತೆಗೆ ಸರ್ವರ್ ಎರಡು ಕೆಲಸವನ್ನು ಯಾರಿಗೂ ಹೇಳದೆ ಮಾಡುತ್ತಿತ್ತು: ಪ್ರತಿ ಸಿಸ್ಟಮ್‌ಗೆ ಐಪಿ ವಿಳಾಸ ಹಂಚುವುದು, ಹೆಸರನ್ನು ವಿಳಾಸವಾಗಿ ತಿಳಿಸುವುದು. ಇವೆರಡೂ ನಿಂತರೆ ಇಂಟರ್‌ನೆಟ್ ಹೋಯಿತು ಎಂದು ಜನ ಬ್ರಾಡ್‌ಬ್ಯಾಂಡ್‌ನವರಿಗೆ ಫೋನ್ ಮಾಡುತ್ತಾರೆ.

ಪಟ್ಟಿ ಮಾಡುವಾಗ ಪ್ರತಿ ಸಾಲಿನ ಎದುರಿಗೂ ಲೈಸೆನ್ಸ್ ಯಾರ ಇಮೇಲ್‌ಗೆ ಕಟ್ಟಿದೆ ಎಂದು ಬರೆಯಿರಿ. ಕೆಲಸ ಬಿಟ್ಟು ಹೋದ ಅಕೌಂಟೆಂಟಿನ ಸ್ವಂತ ಇಮೇಲ್‌ಗೆ ಕಟ್ಟಿದ್ದರೆ ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಸರ್ವರ್ ಬದಲಿಸುವ ಶನಿವಾರ ರಾತ್ರಿ ಹನ್ನೊಂದಕ್ಕೆ ಪಾಸ್‌ವರ್ಡ್ ಕೇಳಿ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಪಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆಗೆ ತಾನಾಗಿ ಉತ್ತರ ಸಿಗುತ್ತದೆ: ನಿಮಗೆ ಸರ್ವರ್ ಬೇಕೇ? ಪಟ್ಟಿಯಲ್ಲಿ ಬರೀ ವರ್ಡ್, ಎಕ್ಸೆಲ್, ಪಿಡಿಎಫ್ ಫೈಲ್‌ಗಳಿದ್ದು ಐದಾರು ಜನ ಹಂಚಿಕೊಳ್ಳುವುದಾದರೆ ನೆಟ್‌ವರ್ಕಿಗೆ ಜೋಡಿಸಿ ಫೈಲ್ ಹಂಚುವ, ಎರಡು ಡಿಸ್ಕಿನ ಒಳ್ಳೆಯ ನ್ಯಾಸ್ ಪೆಟ್ಟಿಗೆ ಸಾಕು. ಕರೆಂಟು ಕಡಿಮೆ, ಸರ್ವರ್ ಬಳಸುವ ಪ್ರತಿಯೊಬ್ಬರಿಗೂ ಕೊಳ್ಳಬೇಕಾದ ಕ್ಯಾಲ್ ಲೈಸೆನ್ಸಿನ ತಲೆನೋವಿಲ್ಲ. ಕ್ಲೌಡ್‌ಗೆ ಹೋಗುವ ಆಸೆಯಿದ್ದರೆ ಊರಿನ ಇಂಟರ್‌ನೆಟ್ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನೀವೇ ಬಲ್ಲಿರಿ. ಎರಡು ಬೇರೆ ಬೇರೆ ಕಂಪನಿಯ ಫೈಬರ್ ಲೈನ್ ಇಲ್ಲದೆ ಆ ದಾರಿ ಹಿಡಿಯಬೇಡಿ. ಕಂಪನಿಗಳ ಲೆಕ್ಕದ ಪುಸ್ತಕ ಕಂಪ್ಯೂಟರಿನಲ್ಲಿದ್ದರೆ ಅದರ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು, ಅದೂ ದಿನವೂ ಆಗಬೇಕು ಎಂದು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ. ಕ್ಲೌಡ್ ಮಾರುವವರನ್ನು ಮೊದಲು ಕೇಳಬೇಕಾದ್ದು ಈ ಮಾತು.

ಕೊಳ್ಳುವಾಗ

ಹತ್ತು ಹದಿನೈದು ಜನರ ಕಚೇರಿಗೆ ದುಬಾರಿ ಯಂತ್ರ ಬೇಡ. ಡೆಲ್, ಎಚ್‌ಪಿಇ, ಲೆನೊವೊ ಯಾವುದೇ ಇರಲಿ, ಒಂದು ಪ್ರೊಸೆಸರಿನ ಟವರ್ ಮಾಡೆಲ್ ಧಾರಾಳವಾಗಿ ಸಾಕು. ಅಂಗಡಿಯವರು ಪ್ರೊಸೆಸರಿನ ಬಗ್ಗೆ ಬಹಳ ಮಾತಾಡುತ್ತಾರೆ, ಇಂಥ ಕಚೇರಿಯಲ್ಲಿ ವೇಗ ತೀರ್ಮಾನವಾಗುವುದು ಡಿಸ್ಕಿನಿಂದ ಮತ್ತು ರ‍್ಯಾಮ್‌ನಿಂದ. ರ‍್ಯಾಮ್ ಇಸಿಸಿ ಬಗೆಯದೇ ಇರಲಿ. ಅದು ತನ್ನೊಳಗಿನ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಲೆಕ್ಕದ ಅಂಕಿಗಳು ಹಗಲು ರಾತ್ರಿ ಅದರ ಮೂಲಕವೇ ಹಾದು ಹೋಗುವಾಗ ಇಲ್ಲಿ ಕಂಜೂಸಿ ಮಾಡಬಾರದು. ಡಿಸ್ಕು ಸರ್ವರಿಗೆಂದೇ ಮಾಡಿದ ಎಸ್‌ಎಸ್‌ಡಿ ಆಗಿರಲಿ. ಡೆಸ್ಕ್‌ಟಾಪಿನ ಅಗ್ಗದ ಎಸ್‌ಎಸ್‌ಡಿಗೂ ಅದಕ್ಕೂ ಮುಖ್ಯ ವ್ಯತ್ಯಾಸ ಕರೆಂಟು ಹೋದ ಕ್ಷಣದಲ್ಲಿ ಗೊತ್ತಾಗುತ್ತದೆ. ಸರ್ವರಿನ ಎಸ್‌ಎಸ್‌ಡಿ ಒಳಗೆ ಸಣ್ಣ ಕೆಪಾಸಿಟರ್‌ಗಳಿದ್ದು, ಬರೆಯುತ್ತಿದ್ದ ಕೊನೆಯ ಸಾಲನ್ನು ಬರೆದು ಮುಗಿಸುವಷ್ಟು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ.

ಎರಡು ಡಿಸ್ಕಿನ ರೇಡ್ 1, ಅಂದರೆ ಒಂದರ ಪಡಿಯಚ್ಚು ಇನ್ನೊಂದರಲ್ಲಿ, ನನಗೆ ಇಷ್ಟ. ಸರಳ, ಒಂದು ಹೋದರೆ ಇನ್ನೊಂದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ದೊಡ್ಡ ಹಾರ್ಡ್‌ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಸತ್ತಾಗ ಹೊಸದನ್ನು ತುಂಬಿಸಲು ಹಲವು ಗಂಟೆ, ಕೆಲವೊಮ್ಮೆ ದಿನವೇ ಹಿಡಿಯುತ್ತದೆ. ಅಷ್ಟು ಹೊತ್ತು ಒಂದೇ ವಯಸ್ಸಿನ ಉಳಿದ ಡಿಸ್ಕ್‌ಗಳು ಬೆವರು ಸುರಿಸಿ ದುಡಿಯುತ್ತವೆ, ಎರಡನೆಯದು ಸಾಯುವುದು ಸಾಮಾನ್ಯವಾಗಿ ಆಗಲೇ. ಯಾವ ರೇಡ್ ಹಾಕಿದರೂ ಅದು ಬ್ಯಾಕಪ್ ಆಗುವುದಿಲ್ಲ. ತಪ್ಪಿ ಅಳಿಸಿದ ಫೈಲನ್ನು ರೇಡ್ ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಲೈಸೆನ್ಸ್ ವಿಷಯಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಎರಡು ಮಾತು ಗೊತ್ತಿರಲಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಕೊಂಡರೆ ಪ್ರೊಸೆಸರಿನ ಕೋರ್ ಎಣಿಕೆಯ ಮೇಲೆ ದರ, ಕನಿಷ್ಠ 16 ಕೋರ್‌ಗೆ ಕೊಡಲೇಬೇಕು. ಅದರ ಮೇಲೆ ಬಳಸುವ ಪ್ರತಿಯೊಬ್ಬರಿಗೂ ಅಥವಾ ಪ್ರತಿ ಸಿಸ್ಟಮ್‌ಗೂ ಕ್ಯಾಲ್ ಬೇಕು. 25 ಜನರೊಳಗಿನ ಕಚೇರಿಗೆ ಎಸೆನ್ಷಿಯಲ್ಸ್ ಎಂಬ ಆವೃತ್ತಿ ಇದೆ, ಅದಕ್ಕೆ ಕ್ಯಾಲ್ ಬೇಡ. ಕೊಟೇಶನ್ ಕೊಡುವವರು ಅದನ್ನು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕೀಗಳನ್ನು ಮುಟ್ಟಬೇಡಿ. ಬೇರೆಯವರ ಲೆಕ್ಕ ಸರಿಯಿದೆ ಎಂದು ಸಹಿ ಹಾಕುವ ಕಚೇರಿಗೆ ಅದು ಒಪ್ಪುವುದಿಲ್ಲ. ವಾರಂಟಿ ಐದು ವರ್ಷದ್ದು, ಮರುದಿನವೇ ಕಚೇರಿಗೆ ಬಂದು ಸರಿಪಡಿಸುವ ಬಗೆಯದ್ದು ತೆಗೆದುಕೊಳ್ಳಿ. ನಿಮ್ಮ ಪಿನ್‌ಕೋಡಿಗೆ ಆ ಸೇವೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಬೆಂಗಳೂರಿನಲ್ಲಿ ಮರುದಿನವಾದದ್ದು ಮಲೆನಾಡಿನ ತಾಲ್ಲೂಕಿನಲ್ಲಿ ಮರುವಾರ ಆಗಬಹುದು.

ಕರೆಂಟು, ಅರ್ಥಿಂಗ್, ಸಿಡಿಲು

ನಮ್ಮ ಕಡೆ ಸರ್ವರ್‌ಗಳನ್ನು ಮುಪ್ಪಿಗಿಂತ ಮೊದಲು ಕೊಲ್ಲುವುದು ಕರೆಂಟು. ಆದ್ದರಿಂದ ಹೊಸ ಯಂತ್ರ ಬರುವ ಮುನ್ನ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರ್ವರಿನ ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ಶಿವಮೊಗ್ಗದ ಆ ಕಚೇರಿಯಲ್ಲಿ ಹದಿನಾಲ್ಕು ತೋರಿಸಿತು. ಹಿತ್ತಲಿಗೆ ಹೋಗಿ ನೋಡಿದರೆ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಯ ಮೇಲೆ ಯಾರೋ ಸಿಮೆಂಟ್ ಹಾಕಿ ಬೈಕ್ ನಿಲ್ಲಿಸುವ ಜಾಗ ಮಾಡಿದ್ದರು. ನೀರು ಕಾಣದೆ ಗುಂಡಿ ಒಣಗಿ ಕಲ್ಲಾಗಿತ್ತು. ಹೊಸ ಗುಂಡಿ ತೆಗೆಸಿದೆವು, ಬೇಸಿಗೆಯಲ್ಲಿ ವಾರಕ್ಕೆರಡು ಬಿಂದಿಗೆ ನೀರು ಹಾಕುವ ಕೆಲಸವನ್ನು ಕಚೇರಿಯ ಸಹಾಯಕಿ ತಾವೇ ವಹಿಸಿಕೊಂಡರು.

ಯುಪಿಎಸ್ ಆನ್‌ಲೈನ್ ಬಗೆಯದಿರಲಿ. ಅದು ತನ್ನೊಳಗಿನ ಇನ್ವರ್ಟರ್ ಮೂಲಕವೇ ಸದಾ ಕರೆಂಟು ಕೊಡುವುದರಿಂದ ಏರಿಳಿತ ಸರ್ವರಿಗೆ ತಾಗುವುದಿಲ್ಲ. ಬ್ಯಾಟರಿಗಳ ಆಯಸ್ಸು ಮೂರರಿಂದ ಐದು ವರ್ಷ, ಸೆಕೆ ಜಾಸ್ತಿಯಿದ್ದರೆ ಇನ್ನೂ ಕಡಿಮೆ. ಯುಪಿಎಸ್ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇರುತ್ತದೆ, ಬಹಳ ಕಡೆ ಅದರ ಕೇಬಲ್ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇರುವುದಿಲ್ಲ. ಅದನ್ನು ಸರ್ವರಿಗೆ ಜೋಡಿಸಿ ಸಾಫ್ಟ್‌ವೇರ್ ಹಾಕಿದರೆ ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಮರ್ಯಾದೆಯಿಂದ ಶಟ್‌ಡೌನ್ ಆಗುತ್ತದೆ. ಜೋಡಿಸಿದ ಮೇಲೆ ಮೇನ್ ಸ್ವಿಚ್ ಇಳಿಸಿ ನಿಜವಾಗಿ ಆಗುತ್ತದೆಯೇ ಎಂದು ಪರೀಕ್ಷಿಸಿ.

ಸಿಡಿಲು ಬರುವುದು ಕರೆಂಟಿನ ತಂತಿಯಿಂದ ಮಾತ್ರ ಎಂದು ತಿಳಿಯಬೇಡಿ. ಗೇಟಿನ ಬಳಿಯ ಸಿಸಿಟಿವಿ ಕ್ಯಾಮೆರಾದಿಂದ ತಾಮ್ರದ ನೆಟ್‌ವರ್ಕ್ ಕೇಬಲ್ ನೇರವಾಗಿ ಸರ್ವರ್ ಇರುವ ಸ್ವಿಚ್‌ಗೆ ಬಂದಿದ್ದರೆ ಅದೇ ಸಿಡಿಲಿನ ದಾರಿ. ಕ್ಯಾಮೆರಾಗಳಿಗೆ ಬೇರೆ ಸ್ವಿಚ್ ಇಟ್ಟು, ನಡುವೆ ಒಂದು ತುಂಡು ಫೈಬರ್ ಹಾಕಿಸಿದರೆ ದಾರಿ ಕಡಿಯುತ್ತದೆ, ಗಾಜಿನ ಎಳೆ ಕರೆಂಟು ಒಯ್ಯುವುದಿಲ್ಲ.

ಮರಳಿ ಬಂದದ್ದು ಮಾತ್ರ ಬ್ಯಾಕಪ್

ಹಲವು ವರ್ಷದ ಹಿಂದೆ ಬೇರೊಂದು ಊರಿನ ಒಂದು ವ್ಯಾಪಾರಿ ಸಂಸ್ಥೆಗೆ ನಾನೇ ಬ್ಯಾಕಪ್ ಜೋಡಿಸಿಕೊಟ್ಟಿದ್ದೆ. ಪ್ರತಿ ರಾತ್ರಿ ಹೊರಗಿನ ಡಿಸ್ಕಿಗೆ ನಕಲು, ಬೆಳಿಗ್ಗೆ ಯಶಸ್ವಿ ಎಂದು ಇಮೇಲ್. ನಾಲ್ಕು ವರ್ಷ ಆ ಇಮೇಲ್ ತಪ್ಪದೆ ಬಂತು. ಸರ್ವರ್ ಕೆಟ್ಟ ದಿನ ಡಿಸ್ಕ್ ತೆರೆದು ನೋಡಿದಾಗ ಡಿ ಡ್ರೈವ್ ಪೂರ್ತಿ ಇತ್ತು. ನಡುವೆ ಯಾವಾಗಲೋ ಜಾಗ ಸಾಲದೆ ಟ್ಯಾಲಿಯನ್ನು ಇ ಡ್ರೈವ್‌ಗೆ ಸರಿಸಿದ್ದರು, ನನ್ನ ಬ್ಯಾಕಪ್ ಡಿ ಡ್ರೈವ್ ಒಂದನ್ನೇ ನೋಡುತ್ತಿತ್ತು. ಸರಿಸಿದ್ದು ನನಗೆ ತಿಳಿಸಲಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಅದರಿಂದ ಒಂದು ಕಂಪನಿಯ ಲೆಕ್ಕ ಮರಳಿ ತೆಗೆದು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಅವರು ಕಾಗದದ ಬಿಲ್ಲುಗಳಿಂದ ಲೆಕ್ಕ ಮತ್ತೆ ಹೊಡೆಯಲು ಐದು ತಿಂಗಳು ಕೂತರು. ಆ ಐದು ತಿಂಗಳು ನನ್ನ ಕಣ್ಣ ಮುಂದೆ ಇನ್ನೂ ಇದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಚೇರಿಯ ಹೊರಗೆ ಎನ್ನುವ ಸೂತ್ರವನ್ನು ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದರು, ತನ್ನ ಫೋಟೋಗಳನ್ನು ಕಾಪಾಡಿಕೊಳ್ಳಬೇಕಾದವನ ಕಾಳಜಿಯಿಂದ ಹುಟ್ಟಿದ್ದು ಅದು. ನಾನು ಅದಕ್ಕೆ ಸೇರಿಸುವುದು ಇಷ್ಟು: ಹೊರಗಿನ ಡಿಸ್ಕನ್ನು ಸದಾ ಚುಚ್ಚಿಟ್ಟಿರಬೇಡಿ. ಫೈಲ್‌ಗಳಿಗೆ ಬೀಗ ಹಾಕುವ ವೈರಸ್ ಬಂದರೆ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಕೊಂಡು ವಾರಕ್ಕೊಮ್ಮೆ ಬದಲಿಸಿ, ಒಂದು ಯಜಮಾನರ ಮನೆಯ ಬೀರುವಿನಲ್ಲಿರಲಿ. ಪ್ರತಿ ತಿಂಗಳ ಮೊದಲ ಶನಿವಾರ ಅದರಿಂದ ಯಾವುದಾದರೂ ಒಂದು ಕಂಪನಿಯ ಡೇಟಾ ಮರಳಿ ತೆಗೆದು ಟ್ಯಾಲಿಯಲ್ಲಿ ತೆರೆಯಿರಿ.

ಸಾಗಿಸುವ ದಿನ

ದಿನ ಆರಿಸುವಾಗ ಕಚೇರಿಯ ಕ್ಯಾಲೆಂಡರ್ ನೋಡಿ. ಆಡಿಟರ್ ಕಚೇರಿಗೆ ತಿಂಗಳ 11 ಮತ್ತು 20ರ ಜಿಎಸ್‌ಟಿ ಗಡುವುಗಳ ಹತ್ತಿರ, ಮಾರ್ಚ್ ಕೊನೆ, ರಿಟರ್ನ್ ಸಲ್ಲಿಸುವ ಜುಲೈ, ಟ್ಯಾಕ್ಸ್ ಆಡಿಟ್‌ನ ಸೆಪ್ಟೆಂಬರ್ ಬೇಡವೇ ಬೇಡ. ಶಿವಮೊಗ್ಗದಲ್ಲಿ ನಾವು ನವೆಂಬರಿನ ನಾಲ್ಕನೇ ಶನಿವಾರ ಹಿಡಿದೆವು. ಹೊಸ ಸರ್ವರನ್ನು ಮೂರು ವಾರ ಮುಂಚೆಯೇ ತಂದು, ಹಳೆಯದರ ಪಕ್ಕದಲ್ಲಿಟ್ಟು, ಖಾಲಿ ಓಡಿಸಿದ್ದೆವು. ಹೊಸ ಯಂತ್ರ ಕೆಡುವುದಿದ್ದರೆ ಮೊದಲ ವಾರಗಳಲ್ಲೇ ಕೆಡುವುದು ಹೆಚ್ಚು, ಆಗ ಕೆಟ್ಟರೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಡೊಮೈನ್ ಇರುವ ಕಚೇರಿಗೆ ಇಲ್ಲೊಂದು ಗುಂಡಿಯಿದೆ. ಹೊಸ ವಿಂಡೋಸ್ ಸರ್ವರ್ 2025 ಲಾಗಿನ್ ನಡೆಸುವ ಡೊಮೈನ್ ಕಂಟ್ರೋಲರ್ ಆಗಬೇಕಾದರೆ ಹಳೆಯ ಡೊಮೈನ್ ಕನಿಷ್ಠ 2016ರ ಮಟ್ಟದಲ್ಲಿರಬೇಕು. 2012ರ ಸರ್ವರ್ ಇರುವ ತನಕ ಆ ಮಟ್ಟಕ್ಕೆ ಏರಿಸಲು ಬರುವುದಿಲ್ಲ. ನೇರ ಜಿಗಿತ ಸಾಧ್ಯವಿಲ್ಲ. ನಾವು ಹೊಸ ಲೈಸೆನ್ಸಿನ ಹಕ್ಕಿನಲ್ಲೇ 2022 ಆವೃತ್ತಿ ಹಾಕಿದೆವು. ಅದನ್ನು ಎರಡನೇ ಕಂಟ್ರೋಲರಾಗಿ ಸೇರಿಸಿ, ಡೊಮೈನಿನ ಐದು ಮುಖ್ಯ ಪಾತ್ರಗಳನ್ನು ಅದಕ್ಕೆ ದಾಟಿಸಿ, ಎರಡು ವಾರ ಎರಡೂ ಒಟ್ಟಿಗೆ ಓಡಲು ಬಿಟ್ಟೆವು. ಹೊಸ ಡೊಮೈನನ್ನೇ ಕಟ್ಟಿಬಿಡೋಣ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಪ್ರತಿ ಸಿಸ್ಟಮ್‌ನಲ್ಲೂ ಪ್ರತಿಯೊಬ್ಬರ ಡೆಸ್ಕ್‌ಟಾಪ್, ಸೆಟ್ಟಿಂಗ್ ಹೊಸದಾಗಿ ಶುರುವಾಗುತ್ತದೆ, ಅದರ ಸಿಟ್ಟು ಸೋಮವಾರ ನಿಮ್ಮ ಮೇಲೆ ಬರುತ್ತದೆ.

ಫೈಲ್‌ಗಳನ್ನು ಎಳೆದು ಹಾಕಿ ನಕಲು ಮಾಡಬೇಡಿ. ವಿಂಡೋಸಿನಲ್ಲೇ ಇರುವ ರೋಬೋಕಾಪಿಯನ್ನು ಸರಿಯಾದ ಆಯ್ಕೆಗಳೊಂದಿಗೆ ಬಳಸಿದರೆ ಯಾರಿಗೆ ಯಾವ ಫೋಲ್ಡರ್ ನೋಡುವ ಅನುಮತಿ ಇದೆ ಎನ್ನುವುದೂ ಜೊತೆಗೇ ಬರುತ್ತದೆ, ಬಿಟ್ಟುಹೋದ ಫೈಲ್‌ಗಳ ಪಟ್ಟಿಯೂ ಸಿಗುತ್ತದೆ. ವಾರ ಮುಂಚೆ ಒಂದು ರಾತ್ರಿ ಪೂರ್ತಿ ನಕಲು, ಶನಿವಾರ ಸಂಜೆ ಎಲ್ಲರೂ ಹೊರಟ ಮೇಲೆ ಬದಲಾದದ್ದು ಮಾತ್ರ. ಅದರ ಮಿರರ್ ಆಯ್ಕೆ ಬಳಸುವಾಗ ಕೈ ನಿಧಾನವಿರಲಿ. ಎಲ್ಲಿಂದ, ಎಲ್ಲಿಗೆ ಎನ್ನುವುದು ಅದಲುಬದಲಾದರೆ ಖಾಲಿ ಫೋಲ್ಡರಿನ ಪಡಿಯಚ್ಚಾಗಲು ತುಂಬಿದ ಫೋಲ್ಡರನ್ನು ಅದು ಅಳಿಸಿಬಿಡುತ್ತದೆ. ಆ ಸಾಲನ್ನು ನಾನು ಎಂಟರ್ ಒತ್ತುವ ಮುನ್ನ ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಟ್ಯಾಲಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಟ್ಯಾಲಿ ಪ್ರತಿ ಕಂಪನಿಗೂ ಸಂಖ್ಯೆಯ ಹೆಸರಿನ ಫೋಲ್ಡರ್ ಮಾಡುತ್ತದೆ. ನಾಲ್ಕು ಕಡೆ ಬೇರೆ ಬೇರೆಯಾಗಿ ಶುರುವಾದ ಡೇಟಾದಲ್ಲಿ ಒಂದೇ ಸಂಖ್ಯೆ ನಾಲ್ಕು ಬೇರೆ ಕಂಪನಿಗಳಿಗೆ ಇರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಬಿದ್ದು ಮೂರು ಕಂಪನಿ ಮಾಯ. ನಾವು ನಾಲ್ಕನ್ನೂ ಬೇರೆ ಬೇರೆ ಹೆಸರಿನ ಫೋಲ್ಡರಿನಲ್ಲೇ ಇಟ್ಟೆವು. ಹಳೆಯ ಸರ್ವರಿನಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಆಕ್ಟಿವೇಟ್ ಮಾಡಿದೆವು. ಹೊಸ ಟ್ಯಾಲಿ ಆವೃತ್ತಿಗೆ ಅದೇ ದಿನ ಹೋಗೋಣ ಎಂದು ಆರ್ಟಿಕಲ್ ಹುಡುಗನೊಬ್ಬ ಕೇಳಿದ. ಬೇಡ ಅಂದೆ. ಒಂದೇ ದಿನ ಎರಡು ಬದಲಾವಣೆ ಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ಹುಡುಕಲು ಆಗುವುದಿಲ್ಲ.

ಎಲ್ಲ ಬಂದಿದೆ ಎಂದು ನಂಬುವುದು ಹೇಗೆ? ಆಡಿಟರ್ ಒಂದು ದಾರಿ ಹೇಳಿದರು, ಅಂದಿನಿಂದ ನಾನು ಎಲ್ಲ ಕಡೆ ಅದನ್ನೇ ಮಾಡುತ್ತೇನೆ. ಶನಿವಾರ ಸಂಜೆ ಎಲ್ಲರ ಕೆಲಸ ನಿಂತ ಮೇಲೆ ಹಳೆಯ ಸರ್ವರಿನಿಂದ ಎಂಟು ಕಂಪನಿಗಳ ಟ್ರಯಲ್ ಬ್ಯಾಲೆನ್ಸ್ ಪ್ರಿಂಟ್ ತೆಗೆದರು. ಭಾನುವಾರ ಹೊಸದರಿಂದ ಅದೇ ಎಂಟು. ಎರಡು ಕಟ್ಟುಗಳನ್ನು ಮೇಜಿನ ಮೇಲೆ ಹರವಿ, ಕೆಂಪು ಪೆನ್ನು ಹಿಡಿದು, ಹಿರಿಯ ಗುಮಾಸ್ತರು ಸಾಲು ಸಾಲಿಗೂ ಟಿಕ್ ಹಾಕುತ್ತಾ ಹೋದರು. ಎಂಟನೆಯದರ ಕೊನೆಯ ಸಾಲು ಪೈಸೆಗೆ ಪೈಸೆ ಸೇರಿದಾಗ ಪೆನ್ನಿಗೆ ಟೋಪಿ ಹಾಕಿ, "ಬಂತು ಸಾರ್, ಎಲ್ಲ ಬಂತು" ಅಂದರು.

ಫೋಲ್ಡರಿನ ಹೆಸರು, ಝೆಡ್ ಡ್ರೈವ್ ಅಕ್ಷರ, ಸರ್ವರಿನ ಐಪಿ ವಿಳಾಸ ಇವನ್ನೆಲ್ಲ ಹಳೆಯದರಂತೆಯೇ ಉಳಿಸಿಕೊಂಡಿದ್ದರಿಂದ ಎಕ್ಸೆಲ್ ಕೊಂಡಿಗಳೂ ಹಾಜರಾತಿ ಯಂತ್ರವೂ ಬದಲಾವಣೆ ಆದದ್ದೇ ತಿಳಿಯದಂತೆ ನಡೆದವು. ಆದರೂ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂತಿದ್ದೆ. ನಿಮ್ಮಲ್ಲಿ ಯಾರೇ ಈ ಕೆಲಸ ಮಾಡಲಿ, ಆ ಸೋಮವಾರ ಪೂರ್ತಿ ಕಚೇರಿಯಲ್ಲೇ ಇರುತ್ತೇವೆ ಎಂದು ಅವರಿಂದ ಮೊದಲೇ ಮಾತು ತೆಗೆದುಕೊಳ್ಳಿ. ಹತ್ತೂವರೆಗೆ ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಬರುತ್ತಿಲ್ಲ ಎಂದರು. ಅದಕ್ಕೆ ಗೊತ್ತಿದ್ದದ್ದು ಎಸ್‌ಎಂಬಿ1 ಒಂದೇ, ಹೊಸ ಸರ್ವರಿನಲ್ಲಿ ಅದು ಮುಚ್ಚಿರುತ್ತದೆ. ಒಂದು ಟಿಕ್ ಹಾಕಿ ಅದನ್ನು ತೆರೆದುಬಿಡಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ವಾನಾಕ್ರೈ ಬಂದ ಬಾಗಿಲನ್ನು ಸ್ಕ್ಯಾನರಿಗಾಗಿ ತೆರೆಯಲು ನನಗೆ ಮನಸ್ಸಾಗಲಿಲ್ಲ. ಸ್ಕ್ಯಾನ್ ಇಮೇಲ್‌ಗೆ ಹೋಗುವಂತೆ ಮಾಡಿದೆವು.

ಹನ್ನೆರಡಕ್ಕೆ ಇನ್ನೊಂದು ಕೂಗು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತದ್ದರಿಂದ ಎರಡು ಡೆಸ್ಕ್‌ಟಾಪ್‌ಗಳನ್ನೂ ಜೊತೆಗೇ ಬದಲಿಸಿದ್ದರು. "ಸಾರ್, ಕನ್ನಡದ ನಡಾವಳಿ ಎಲ್ಲ ಹಾಳಾಗಿದೆ, ಏನೋ ಇಂಗ್ಲಿಷ್ ಅಕ್ಷರ ಬರ್ತಿದೆ" ಎಂದು ಟೈಪ್ ಮಾಡುವ ಮೇಡಂ ಗಾಬರಿಯಾಗಿದ್ದರು. ಫೈಲ್ ಹಾಳಾಗಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು. ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇರಲಿಲ್ಲ. ಹಳೆಯದರಿಂದ ತಂದು ಹಾಕಿದ ಕೂಡಲೇ ಅಕ್ಷರಗಳು ಮರಳಿದವು. ಕನ್ನಡದಲ್ಲಿ ಕಡತ ಇಡುವ ಪ್ರತಿ ಕಚೇರಿಗೂ ನನ್ನ ಕೋರಿಕೆ: ಸರ್ವರ್ ಬದಲಾಗುವ ಈ ಹೊತ್ತಿನಲ್ಲೇ, ಮುಖ್ಯವಾದ ಹಳೆಯ ನುಡಿ, ಬರಹ ಕಡತಗಳನ್ನು ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದಿಟ್ಟುಕೊಳ್ಳಿ, ಮೂಲ ಪ್ರತಿಯನ್ನೂ ಉಳಿಸಿ. ಹತ್ತು ವರ್ಷದ ನಂತರ ಆ ಫಾಂಟು ಯಾರ ಬಳಿಯೂ ಇರದೆ ಹೋದರೆ, ನಿಮ್ಮದೇ ನಡಾವಳಿ ನಿಮಗೇ ಓದಲಾಗದ ಬರಹವಾಗುತ್ತದೆ.

ಹಳೆಯದನ್ನು ಬೀಳ್ಕೊಡುವಾಗ

ಹೊಸದು ಓಡಿತೆಂದು ಹಳೆಯದನ್ನು ಮರುದಿನವೇ ಗುಜರಿಗೆ ಹಾಕಬೇಡಿ. ಡೊಮೈನ್‌ನಿಂದ ಅದನ್ನು ಕ್ರಮವಾಗಿ ಇಳಿಸಿ, ನೆಟ್‌ವರ್ಕ್ ಕೇಬಲ್ ತೆಗೆದು, ಕನಿಷ್ಠ ಒಂದು ವರ್ಷಾಂತ್ಯದ ಕೆಲಸ ಮುಗಿಯುವ ತನಕ ಹಾಗೇ ಇಡಿ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಫೈಲ್‌ಗಳಿರುತ್ತವೆ, ಪಟ್ಟಿಯಲ್ಲಿ ತಪ್ಪಿಸಿಕೊಂಡದ್ದು ಆಗ ನೆನಪಾಗುತ್ತದೆ. ಕಂಪನಿ ಕಾಯ್ದೆಯಂತೆ ಲೆಕ್ಕದ ಪುಸ್ತಕ ಎಂಟು ಹಣಕಾಸು ವರ್ಷ, ಜಿಎಸ್‌ಟಿಯಂತೆ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಬೇಕು. ಆ ಡೇಟಾ ಹೊಸದರಲ್ಲಿ ತೆರೆಯುತ್ತದೆಯೇ ಎಂದು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ ಮುಂದಿನ ಮಾತು.

ಡಿಸ್ಕ್‌ಗಳನ್ನು ಯಂತ್ರದಿಂದ ಬೇರೆ ಮಾಡಿ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಡೇಟಾ ಅಳಿಯುವುದಿಲ್ಲ, ಸೂಚಿಪತ್ರ ಹರಿದ ಪುಸ್ತಕದಂತೆ ಒಳಗಿನ ಪುಟಗಳು ಉಳಿದೇ ಇರುತ್ತವೆ. ಪೂರ್ತಿ ಮೇಲೆ ಬರೆದು ಅಳಿಸುವ ಸಾಫ್ಟ್‌ವೇರ್ ಓಡಿಸಿ. ಸತ್ತ ಡಿಸ್ಕಿನ ಮೇಲೆ ಅದು ಓಡುವುದಿಲ್ಲ, ಅದಕ್ಕೆ ಡ್ರಿಲ್ಲಿಂಗ್ ಮೆಷಿನ್ನೇ ಗತಿ, ಒಳಗಿನ ತಟ್ಟೆಗಳ ಮೂಲಕ ಮೂರು ನಾಲ್ಕು ತೂತು ಹಾಯಿಸಿ. ಉಳಿದ ಪೆಟ್ಟಿಗೆ ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಬೆಂಗಳೂರು ಹೊರವಲಯದ ದಾಬಸ್‌ಪೇಟೆಯಲ್ಲಿ ಈ ಕೆಲಸ ಎರಡು ದಶಕದಿಂದ ನಡೆಯುತ್ತಿದೆ. ಬೀದಿಯ ಗುಜರಿಯವರು ತೂಕಕ್ಕೆ ಒಂದಿಷ್ಟು ಹೆಚ್ಚು ಕೊಡಬಹುದು, ಆದರೆ ಅದರ ಬೋರ್ಡುಗಳು ಕೊನೆಗೆ ಯಾವುದೋ ಶೆಡ್ಡಿನಲ್ಲಿ ಆಸಿಡ್ ತೊಟ್ಟಿಗೆ ಬೀಳುತ್ತವೆ, ಅದರ ಹೊಗೆ ಕುಡಿಯುವವರು ಬರಿಗೈಯಲ್ಲಿ ಕೆಲಸ ಮಾಡುವ ಮನುಷ್ಯರು.

ಶಿವಮೊಗ್ಗದ ಆ ಕಚೇರಿಯಲ್ಲಿ ಹೊಸ ಸರ್ವರ್ ಈಗ ಗೋಡೆಯಿಂದ ಒಂದು ಅಡಿ ಮುಂದೆ, ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ಆಯುಧಪೂಜೆಯ ಕುಂಕುಮ ಹಚ್ಚಲು ಅದರ ನೆತ್ತಿಯ ಮೇಲೆ ಜಾಲರಿಯಿಂದ ದೂರ ಒಂದು ಚಿಕ್ಕ ತಾಮ್ರದ ತಗಡು ಅಂಟಿಸಿದ್ದಾರೆ. ಪಕ್ಕದ ಮೊಳೆಗೆ ಆ ಇನ್ನೂರು ಪುಟದ ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿದೆ. ಹಳೆಯ ಡಿಸ್ಕ್‌ಗಳಿಗೆ ತೂತು ಹೊಡೆದ ದಿನಾಂಕ, ಯುಪಿಎಸ್ ಬ್ಯಾಟರಿ ಹಾಕಿದ ದಿನ, ವಾರಂಟಿ ಮುಗಿಯುವ ದಿನ ಅದರಲ್ಲಿವೆ. ಕೊನೆಯ ಬಾರಿ ನಾನು ಹೋದಾಗ ಹಿರಿಯ ಗುಮಾಸ್ತರ ಕೈಬರಹದಲ್ಲಿ ಹೊಸದೊಂದು ಸಾಲು ಇತ್ತು: ಎರಡನೇ ಡಿಸ್ಕಿನ ದೀಪ ಬೆಳಿಗ್ಗೆ 10.15ಕ್ಕೆ ನೋಡಿದೆ, ಹಸಿರು.